ಆ ಪಿರಮಿಡ್ಡಿನ ಲೆಕ್ಕ ಹಾಕಿದ್ದು ಯಾರು?

ಓದಿದ್ದರಲ್ಲಿ ಶೇ. 10 ನೆನಪಿರುತ್ತದಂತೆ. ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ನೋಡಿಯೂ ಕೇಳಿಯೂ ಇದ್ದರೆ ಶೇ. 50, ಬಾಯಲ್ಲಿ ಹೇಳಿದ್ದರಲ್ಲಿ ಶೇ. 70. ಸ್ವತಃ ಮಾಡಿದ್ದಾದರೆ ಬರೋಬ್ಬರಿ ಶೇ. 90! ಬಣ್ಣಬಣ್ಣದ ಪಿರಮಿಡ್ಡಿನಲ್ಲಿ ಜೋಡಿಸಿದ ಈ ಸ್ಲೈಡು ಬೆಂಗಳೂರಿನ ದೊಡ್ಡ ಕನ್ಸಲ್ಟಿಂಗ್ ಕಂಪನಿಗಳಲ್ಲೂ ಉಂಟು, ಪುತ್ತೂರು-ಸುಳ್ಯದ ಸಣ್ಣ ಆಫೀಸುಗಳಲ್ಲೂ ಉಂಟು. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಇದರ ದರ್ಶನ. ಬೆಳ್ಳಾರೆಯಲ್ಲಿ ಕೂತು ಅಡಿಕೆ ವ್ಯಾಪಾರಿಗಳಿಗೆ, ಸಣ್ಣಪುಟ್ಟ ಉದ್ದಿಮೆಯವರಿಗೆ ವ್ಯವಹಾರದ ಸಲಹೆ ಕೊಡುವ ಕೆಲಸ ನನ್ನದು. ಹೊಸಬರನ್ನು ಪಳಗಿಸುವುದೂ ನನ್ನ ಪಾಲಿಗೇ ಬಂದಿದೆ. ಈ ಪಿರಮಿಡ್ಡನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸಂಗತಿ ಇಷ್ಟು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಎಡ್ಗರ್ ಡೇಲ್ ಎಂಬ ಶಿಕ್ಷಣತಜ್ಞ 1946ರಲ್ಲಿ ಒಂದು ಪುಸ್ತಕ ಬರೆದ. ಪಾಠಕ್ಕೆ ಚಿತ್ರ, ಸಿನಿಮಾ, ವಸ್ತುಪ್ರದರ್ಶನ ಎಲ್ಲ ಹೇಗೆ ಒದಗುತ್ತವೆ ಎಂದು ತಿಳಿಸಲು ಅದರಲ್ಲಿ ಒಂದು ಶಂಕುವಿನ ಚಿತ್ರ ಹಾಕಿದ. ಬುಡದಲ್ಲಿ ನೇರ ಅನುಭವ, ತುದಿಯಲ್ಲಿ ಬರೀ ಶಬ್ದ. ಅದರಲ್ಲಿ ಶೇಕಡಾವಾರು ಲೆಕ್ಕ ಒಂದೂ ಇರಲಿಲ್ಲ. ಈ ಚಿತ್ರವನ್ನು ಅಕ್ಷರಶಃ ಹಿಡಿದುಕೊಳ್ಳಬೇಡಿ ಎಂದು ಅವನೇ ಎಚ್ಚರಿಸಿದ್ದ. ಅಂಕಿಗಳು ಬಂದದ್ದು ಬೇರೆ ದಾರಿಯಿಂದ. 1967ರಲ್ಲಿ ಡಿ. ಜಿ. ಟ್ರೈಕ್ಲರ್ ಎಂಬಾತ ದೃಶ್ಯ-ಶ್ರವ್ಯ ಮಾಧ್ಯಮದ ಒಂದು ಪತ್ರಿಕೆಯಲ್ಲಿ ಅವನ್ನು ಪಟ್ಟಿ ಮಾಡಿದ. ಎಲ್ಲಿಂದ ಸಿಕ್ಕಿತು, ಯಾರು ಅಳೆದರು ಎಂಬುದಕ್ಕೆ ಒಂದು ಸಾಲಿನ ಆಧಾರವನ್ನೂ ಕೊಡಲಿಲ್ಲ. ಆಮೇಲೆ ಯಾರೋ ಪುಣ್ಯಾತ್ಮರು ಡೇಲನ ಶಂಕುವಿಗೆ ಈ ಅಂಕಿಗಳನ್ನು ಅಂಟಿಸಿದರು. ಪಿರಮಿಡ್ಡಿನ ಇನ್ನೊಂದು ಅವತಾರದ ಕೆಳಗೆ ಅಮೆರಿಕದ ಎನ್‌ಟಿಎಲ್ ಎಂಬ ತರಬೇತಿ ಸಂಸ್ಥೆಯ ಹೆಸರಿರುತ್ತದೆ. ಅವರನ್ನು ಕೇಳಿದರೆ, ಅರವತ್ತರ ದಶಕದಲ್ಲಿ ಸಂಶೋಧನೆ ಮಾಡಿದ್ದು ಹೌದು, ಮೂಲ ದಾಖಲೆ ಮಾತ್ರ ಈಗ ಇಲ್ಲ ಎನ್ನುತ್ತಾರೆ. ಸ್ಟಾಕ್ ಉಂಟು, ರಿಜಿಸ್ಟರ್ ಕಳೆದುಹೋಗಿದೆ ಎಂದು ನಮ್ಮ ಗಿರಾಕಿ ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆಯೇ?

ದಾಖಲೆ ಬೇಡ, ತಲೆ ಓಡಿಸಿದರೂ ಸಾಕಿತ್ತು. ಓದಿದ್ದು ಏನನ್ನು? ಜಿಎಸ್‌ಟಿ ಸುತ್ತೋಲೆಯನ್ನೋ, ಪತ್ತೇದಾರಿ ಕಾದಂಬರಿಯನ್ನೋ? ನೆನಪಿದ್ದದ್ದು ಎಷ್ಟು ಹೊತ್ತಿಗೆ? ಮಧ್ಯಾಹ್ನದ ಊಟಕ್ಕೋ, ಮುಂದಿನ ಮಾರ್ಚಿಗೋ? ಮನುಷ್ಯರ ನೆನಪು ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಲಾಗಿ ನಿಲ್ಲುತ್ತದೆ ಎಂದರೆ ನಂಬುವವರು ಯಾರು? ನಂಬುತ್ತಾರೆ, ಮಾರಾಯ್ರೆ. ಗಿರಾಕಿಯ ಪ್ರತಿ ಅಂಕಿಗೂ ವೋಚರ್ ಕೇಳುವವರೇ ನಂಬುತ್ತಾರೆ.

ಸ್ಲೈಡು ಗೋಡೆಯ ಮೇಲೆ ಚಂದಕ್ಕೆ ಇದ್ದರೆ ನನ್ನದೇನೂ ತಕರಾರಿಲ್ಲ. ಅದರಿಂದ ಹೊರಡುವ ತೀರ್ಮಾನ ಅಪಾಯದ್ದು. ‘ಮಾಡಿದರೆ ಶೇ. 90 ಅಲ್ಲವೇ, ಹಾಗಾದರೆ ಕಲಿಸುವುದೆಲ್ಲ ದಂಡ. ನೀರಿಗೆ ದೂಡಿ, ಈಜು ತಾನೇ ಬರುತ್ತದೆ.’ ಹೀಗೆ ಹೇಳಿ ಹೊಸ ಹುಡುಗರನ್ನು ಮೂರನೇ ದಿನಕ್ಕೇ ಲ್ಯಾಪ್‌ಟಾಪು ಕೊಟ್ಟು ಗಿರಾಕಿಯ ಅಂಗಡಿಗೆ ಕಳಿಸುವುದು ಈಗಿನ ಕ್ರಮ. ಸೀನಿಯರುಗಳ ಸೋಮಾರಿತನಕ್ಕೆ ಇಷ್ಟು ಅನುಕೂಲದ ಶಾಸ್ತ್ರ ಬೇರೆ ಸಿಗಲಿಕ್ಕಿಲ್ಲ.

ಹಾಗೆ ದೂಡಲ್ಪಟ್ಟ ಎಂಬಿಎ ಹುಡುಗನೊಬ್ಬ ನಮ್ಮ ಕಡೆಯ ಒಂದು ಅಡಿಕೆ ಅಂಗಡಿಗೆ ಬಂದಿದ್ದ. ಬುದ್ಧಿವಂತನೇ. ಗೋಡೌನಿನ ಲೆಕ್ಕ ತೆಗೆದ, ಗೋಣಿಗಳ ವಯಸ್ಸು ಹಾಕಿದ, ಎರಡು ವರ್ಷದಿಂದ ಅಲುಗದೆ ಬಿದ್ದಿದ್ದ ದಾಸ್ತಾನನ್ನೆಲ್ಲ ಕೆಂಪು ಬಣ್ಣದಲ್ಲಿ ಗುರುತಿಸಿ ‘ಡೆಡ್ ಸ್ಟಾಕ್, ಸಿಕ್ಕಿದ ಬೆಲೆಗೆ ಕೂಡಲೇ ವಿಲೇವಾರಿ ಮಾಡಿ’ ಎಂದು ಬರೆದ. ಕೆಂಪು ಹಚ್ಚಿದ್ದು ಡಬಲ್ ಚೋಲ್! ಹಳೆಯದಾಗಿ ಬೆಲೆ ಕಟ್ಟಿಕೊಂಡ ಅಡಿಕೆ, ಗೋಡೌನಿನ ಚಿನ್ನ. ಅಂಗಡಿಯ ಯಜಮಾನರು ಕಾಗದವನ್ನು ಎರಡು ಸಲ ಓದಿ, ‘ಎಂತದು ಮಾರಾಯಾ, ಎರಡು ವರ್ಷ ಕಾದದ್ದೇ ಈ ರೇಟಿಗೆ’ ಎಂದರು. ತಪ್ಪು ಹುಡುಗನದ್ದಲ್ಲ. ದಾಸ್ತಾನು ಬೇಗ ತಿರುಗಬೇಕು ಎಂದು ಅವನ ಪುಸ್ತಕದಲ್ಲಿತ್ತು, ಅಡಿಕೆ ಆ ಪುಸ್ತಕ ಓದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಯಜಮಾನರು ಬಾಯಿಬಿಟ್ಟು ಹೇಳದೆ ಸುಮ್ಮನಿದ್ದಿದ್ದರೆ ಅವನು ‘ಸ್ವತಃ ಮಾಡಿ’ ಆ ತಪ್ಪನ್ನೇ ಗಟ್ಟಿಯಾಗಿ ಕಲಿಯುತ್ತಿದ್ದ.

ಅದೇ ಅಂಗಡಿಯ ಹಿಂಬದಿಯಲ್ಲಿ ಕಲಿಸುವ ಕೆಲಸ ಸರಿಯಾಗಿಯೇ ನಡೆದಿತ್ತು. ಗಾರ್ಬಲ್ ಮಾಡುವ, ಎಂದರೆ ಅಡಿಕೆ ವಿಂಗಡಿಸುವ, ಹಿರಿಯರೊಬ್ಬರು ಹೊಸ ಆಳಿನ ಮುಂದೆ ಅಡಿಕೆಗಳನ್ನು ಸಾಲಾಗಿ ಇಟ್ಟರು. ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಒಂದೊಂದನ್ನೂ ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಿಳಿ-ಕೆಂಪು ಗೆರೆ ತೋರಿಸಿ, ಇದು ಯಾಕೆ ಆ ರಾಶಿಗೆ, ಇದು ಯಾಕೆ ಈ ರಾಶಿಗೆ ಎಂದು ಹೇಳಿದರು. ಆಮೇಲೆ ಎಲ್ಲವನ್ನೂ ಕಲಸಿ, ‘ಈಗ ನೀನು ಹೆಕ್ಕು’ ಎಂದರು. ತಪ್ಪಿದಲ್ಲೆಲ್ಲ ಮತ್ತೆ ಸೀಳಿ ತೋರಿಸಿದರು.

ಸಂಶೋಧಕರು ಕಂಡುಕೊಂಡದ್ದೂ ಇದನ್ನೇ. ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದ ಮೇಲೆ ಪರೀಕ್ಷೆ ಮಾಡಿದರು. ಬಿಡಿಸಿಟ್ಟ ಲೆಕ್ಕಗಳನ್ನು ನೋಡಿ ಕಲಿತ ಹೊಸಬರು, ತಾವೇ ತಿಣುಕಾಡಿ ಕಲಿತವರಿಗಿಂತ ಅಂಥದೇ ಲೆಕ್ಕಗಳನ್ನು ಬೇಗ ಬಿಡಿಸಿದರು, ತಪ್ಪೂ ಕಡಿಮೆ ಮಾಡಿದರು. ಏನೂ ಗೊತ್ತಿಲ್ಲದವರ ತಲೆಯೆಲ್ಲ ದಾರಿ ಹುಡುಕುವುದರಲ್ಲೇ ಖರ್ಚಾಗುತ್ತದೆ, ಕಲಿಯಲು ಜಾಗ ಉಳಿಯುವುದಿಲ್ಲ. ಪಳಗಿದ ಮೇಲೆ ಲೆಕ್ಕ ತಿರುಗುತ್ತದೆ. ಆಗ ವಿವರಣೆಯೇ ಅಡ್ಡಿ, ಬಿಟ್ಟುಬಿಡುವುದೇ ಒಳ್ಳೆಯದು. ನಾವು ಮಾಡುವುದು ಸರೀ ಉಲ್ಟಾ: ಹೊಸಬರನ್ನು ಅವರ ಪಾಡಿಗೆ ಬಿಟ್ಟು, ಹಳಬರನ್ನು ಟ್ರೈನಿಂಗಿಗೆ ಕಳಿಸುತ್ತೇವೆ.

ನೆನಪಿನ ಬಗ್ಗೆ ಅಂಕಿ ಬೇಕೇಬೇಕು ಎನ್ನುವವರಿಗೆ ಒಳ್ಳೆಯದೂ ಉಂಟು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದು, ಶೇ. 83ಕ್ಕೆ 71. ವಾರ ಕಳೆದು ಕೇಳಿದಾಗ ಅವರು ಶೇ. 40ಕ್ಕೆ ಇಳಿದಿದ್ದರು, ಮುಚ್ಚಿ ಬರೆದವರು 61ರಲ್ಲಿ ನಿಂತಿದ್ದರು. ಅಂಕಿ ಎಂದರೆ ಹೀಗಿರಬೇಕು: ಯಾರನ್ನು, ಯಾವಾಗ, ಹೇಗೆ ಕೇಳಿದ್ದು ಎಂಬ ವಿಳಾಸದ ಸಮೇತ. ನನ್ನ ಬಳಿ ಬರುವ ಹೊಸಬರಿಗೆ ಹಳೆಯ ಒಂದು ಫೈಲನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ಮರುದಿನ ಫೈಲು ಮುಚ್ಚಿಟ್ಟು, ‘ಅಲ್ಲಿ ಆ ಸಲಹೆ ಯಾಕೆ ಕೊಟ್ಟೆವು, ಹೇಳು’ ಎನ್ನುತ್ತೇನೆ. ಇದಕ್ಕೆ ಪಿರಮಿಡ್ಡು ಬೇಡ, ಸೀನಿಯರಿನ ಒಂದು ಗಂಟೆ ಬೇಕು. ಕೊರತೆ ಇರುವುದು ಅದರದ್ದೇ.

ಸ್ಲೈಡುಗಳ ಇದೇ ಸಂತೆಯ ಉಳಿದ ಮಾಲುಗಳಿಗೆ ಒಂದೊಂದು ಸಾಲು ಸಾಕು. ‘ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು’: ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಎಂಬುದಕ್ಕೆ ತಕ್ಕ ಪುರಾವೆ ಇಲ್ಲವೆಂದು 2008ರಲ್ಲೇ ನಾಲ್ವರು ಮನಶ್ಶಾಸ್ತ್ರಜ್ಞರು ಜಾಲಾಡಿ ಹೇಳಿದ್ದಾರೆ. ‘ಮಾತಿನಲ್ಲಿ ಶಬ್ದದ ಪಾಲು ಶೇ. 7 ಮಾತ್ರ’: 1967ರಲ್ಲಿ ಮನಶ್ಶಾಸ್ತ್ರಜ್ಞ ಮೆಹ್ರಾಬಿಯನ್ ಪರೀಕ್ಷಿಸಿದ್ದು ಭಾವನೆಯ ವಿಷಯವನ್ನು, ಬ್ಯಾಲೆನ್ಸ್ ಶೀಟು ಓದುವಾಗ ಮುಖಭಾವಕ್ಕೆ ಮಾರ್ಕಿಲ್ಲ. ‘ಹತ್ತು ಸಾವಿರ ಗಂಟೆ ದುಡಿದರೆ ಯಾರಾದರೂ ಪರಿಣತರೇ’: ಅದು ಬರ್ಲಿನ್ನಿನ ಅತ್ಯುತ್ತಮ ಪಿಟೀಲು ವಿದ್ಯಾರ್ಥಿಗಳು ಇಪ್ಪತ್ತರ ವಯಸ್ಸಿಗೆ ಮಾಡಿದ್ದ ಅಭ್ಯಾಸದ ಸರಾಸರಿ, ವರವಲ್ಲ. ‘ಕೆಲಸ ತಡವಾಯಿತೇ, ಇನ್ನೂ ನಾಲ್ಕು ಜನರನ್ನು ಹಾಕಿ’: ಐಬಿಎಮ್ಮಿನಲ್ಲಿ ಅದನ್ನೇ ಅನುಭವಿಸಿದ ಫ್ರೆಡ್ ಬ್ರೂಕ್ಸ್, ಹೊಸಬರನ್ನು ಸೇರಿಸಿದಷ್ಟೂ ತಡವಾದ ಸಾಫ್ಟ್‌ವೇರ್ ಕೆಲಸ ಇನ್ನಷ್ಟು ತಡವಾಗುತ್ತದೆ ಎಂದು 1975ರಲ್ಲಿ ಪುಸ್ತಕವನ್ನೇ ಬರೆದ.

ನನಗೆ ಆಶ್ಚರ್ಯ ಬೇರೆಯೇ. ನಮ್ಮ ಊರಿನವರು ಸುಲಭಕ್ಕೆ ನಂಬುವ ಜನ ಅಲ್ಲ. ಅಡಿಕೆ ದರ ಕುಸಿದು ಕಂಗೆಟ್ಟಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕಟ್ಟಿದ ನೆಲ ಇದು. ಒಂದು ಗೋಣಿ ಅಡಿಕೆ ಕೊಡುವ ಮೊದಲು ಇವತ್ತಿಗೂ ಕ್ಯಾಂಪ್ಕೊ ದರ ನೋಡುತ್ತೇವೆ, ಎರಡು ಅಂಗಡಿಯಲ್ಲಿ ವಿಚಾರಿಸುತ್ತೇವೆ, ತಕ್ಕಡಿಯ ಮುಳ್ಳಿನ ಮೇಲೂ ಕಣ್ಣಿಡುತ್ತೇವೆ. ಅದೇ ನಾವು ವಾಟ್ಸಾಪಿನಲ್ಲಿ ‘ಶೇಕಡಾ ಇಷ್ಟು’ ಎಂದು ಬಂದರೆ ತಕ್ಕಡಿಯನ್ನೇ ಕೇಳುವುದಿಲ್ಲ. ಅಂಕಿ, ಬಣ್ಣ, ವಿದೇಶದ ಒಂದು ಹೆಸರು, ಮೂರೂ ಸೇರಿದರೆ ಕೈಮುಗಿಯುತ್ತೇವೆ. ಸಲಹೆ ಮಾರುವ ನಾವಂತೂ ಅದನ್ನು ಇನ್ನೊಬ್ಬರಿಗೆ ದಾಟಿಸಿ ಫೀಸನ್ನೂ ವಸೂಲು ಮಾಡುತ್ತೇವೆ. ಆ ಫೀಸಿನ ಬಿಲ್ಲಿನಲ್ಲಿ ಜಿಎಸ್‌ಟಿ ಶೇ. 18 ಎಂದು ಬರೆದಿರುತ್ತದೆ. ನಮ್ಮ ಕಸುಬಿನಲ್ಲಿ ಎಲ್ಲಿಂದ ಬಂತು ಎಂದು ತಪ್ಪದೆ ತೋರಿಸಬಹುದಾದ ಶೇಕಡಾವಾರು ಸದ್ಯಕ್ಕೆ ಅದೊಂದೇ.