ಹದಿಹರೆಯದ ಮಕ್ಕಳು, ಮಿತವಾದ ಹಣ, ಒಂದು ದಿನದ ಪ್ರವಾಸ

ಪ್ರವಾಸವೆಂದೊಡನೆ ನಮ್ಮ ತಲೆಮಾರಿನವರ ಮನಸ್ಸು ಬೇಲೂರು-ಹಳೇಬೀಡು, ಜೋಗ, ಹಂಪಿಗಳತ್ತ ಹರಿಯುತ್ತದೆ. ಬುತ್ತಿಯ ಗಂಟು, ಬಸ್ಸಿನಲ್ಲಿ ಅಂತ್ಯಾಕ್ಷರಿ, ಮರದ ನೆರಳಿನಲ್ಲಿ ಊಟ. ಅದೇ ಪ್ರಶ್ನೆಯನ್ನು ಇಂದು ಹೈಸ್ಕೂಲಿನಲ್ಲಿ ಓದುವ ಮಕ್ಕಳಿಗೆ ಕೇಳಿ ನೋಡಿ. ನೂರಕ್ಕೆ ತೊಂಬತ್ತು ಮಂದಿಯ ಬಾಯಿಂದ ಬರುವ ಉತ್ತರ ‘ವಂಡರ್‌ಲಾ’. ಇದನ್ನು ಕೇಳಿ ಹುಬ್ಬು ಗಂಟಿಕ್ಕುವ ಪಾಲಕರಲ್ಲಿ ನಾನೂ ಒಬ್ಬನಾಗಿದ್ದೆ. ಹಣವೇನು ಮರದಲ್ಲಿ ಬಿಡುತ್ತದೆಯೇ ಎಂಬ ನಮ್ಮ ಹಳೆಯ ಮಾತು ನನ್ನ ನಾಲಿಗೆಯ ತುದಿಯಲ್ಲಿಯೂ ಇರುತ್ತಿತ್ತು. ಆದರೆ ಎರಡು ಬಾರಿ ಬಡಾವಣೆಯ ಮಕ್ಕಳನ್ನು ಇಂತಹ ಉದ್ಯಾನಗಳಿಗೆ ಕರೆದೊಯ್ದ ಮೇಲೆ, ಪ್ರಶ್ನೆ ಹೋಗಬೇಕೇ ಬೇಡವೇ ಎಂಬುದಲ್ಲ, ಹೇಗೆ ಹೋಗಬೇಕು ಎಂಬುದು ಎಂದು ನನಗೆ ಮನವರಿಕೆಯಾಗಿದೆ.

ಮೊದಲ ಪ್ರವಾಸದ ಮಾತನ್ನು ಮೊದಲು ಹೇಳಿಬಿಡುತ್ತೇನೆ. 2023ರ ಜನವರಿ. ತುಮಕೂರಿನ ನಮ್ಮ ಬೀದಿಯ ಒಂಬತ್ತು ಮಕ್ಕಳು, ಎಲ್ಲರೂ ಎಂಟನೆಯ ತರಗತಿ. ಪ್ರವೇಶ ಶುಲ್ಕ ಅಗ್ಗವೆಂಬ ಒಂದೇ ಕಾರಣಕ್ಕೆ ಒಂದು ಸಣ್ಣ ಉದ್ಯಾನವನ್ನು ಆಯ್ದುಕೊಂಡಿದ್ದೆವು. ಒಳಹೊಕ್ಕ ಮೇಲೆ ತಿಳಿದದ್ದು, ಅಲ್ಲಿ ಪ್ರತಿಯೊಂದು ಆಟಕ್ಕೂ ಬೇರೆ ಬೇರೆ ಟಿಕೆಟ್ಟು. ಮಕ್ಕಳ ಜೇಬಿನಲ್ಲಿ ಅವರವರ ಮನೆಯವರು ಕೊಟ್ಟ ಹಣ. ಒಬ್ಬನಲ್ಲಿ ಸಾವಿರ, ಇನ್ನೊಬ್ಬಳಲ್ಲಿ ಐನೂರು. ಎಲ್ಲರೂ ಓಡಿದರು. ಒಬ್ಬ ಹುಡುಗ ಮಾತ್ರ, “ನಂಗೆ ತಲೆ ಸುತ್ತುತ್ತೆ ಸಾರ್, ಎಲ್ರ ಬ್ಯಾಗೂ ನಾನು ನೋಡ್ಕೋತೀನಿ” ಎಂದು ಕಲ್ಲುಬೆಂಚಿನ ಮೇಲೆ ಕುಳಿತ. ನಾನು ನಂಬಿದೆ. ಮೂವತ್ತು ವರ್ಷ ಪಾಠ ಹೇಳಿದವನು, ಮಕ್ಕಳ ಮುಖ ಓದಬಲ್ಲೆನೆಂದು ಬೀಗುತ್ತಿದ್ದವನು ನಂಬಿದೆ. ಸಂಜೆ ಬಸ್ಸಿನಲ್ಲಿ ಅವನು ಕಿಟಕಿಯಾಚೆ ತಲೆಹಾಕಿ, ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ನಗುತ್ತಿದ್ದುದನ್ನು ಕಂಡಾಗ ತಲೆ ಸುತ್ತುವುದು ಸುಳ್ಳೆಂದು ಅರಿವಾಯಿತು. ಅವನ ಜೇಬಿನಲ್ಲಿ ಬಸ್ಸಿನ ಹಣ ಕಳೆದು ಉಳಿದದ್ದು 60 ರೂಪಾಯಿ ಎಂಬುದು ಅವನ ತಾಯಿಯಿಂದ ಆಮೇಲೆ ತಿಳಿಯಿತು.

ಆದುದರಿಂದ ಇಂತಹ ಪ್ರವಾಸದ ಸಿದ್ಧತೆಯಲ್ಲಿ ಮೊಟ್ಟಮೊದಲು ತಿಳಿಯಬೇಕಾದುದು ಉದ್ಯಾನದ ಶುಲ್ಕದ ಪದ್ಧತಿ. ಕೆಲವು ಕಡೆ ಬಾಗಿಲಲ್ಲಿ ಕಡಿಮೆ, ಒಳಗೆ ಆಟಕ್ಕೊಂದು ಬೆಲೆ. ಮತ್ತೆ ಕೆಲವು ಕಡೆ ಬಾಗಿಲಲ್ಲೇ ಒಂದು ಶುಲ್ಕ, ಒಳಗೆ ಹೆಚ್ಚುಕಡಿಮೆ ಎಲ್ಲ ಆಟಗಳೂ ಅದರಲ್ಲಿಯೇ ಅಡಕ. ಮೇಲ್ನೋಟಕ್ಕೆ ಎರಡನೆಯದು ದುಬಾರಿ ಎನಿಸಿದರೂ ಹದಿಹರೆಯದವರ ಗುಂಪಿಗೆ ಅದೇ ಸರಿ. ಅವರು ಒಂದೇ ಆಟವನ್ನು ನಾಲ್ಕು ಸಲ ಆಡುವವರು. ಅದಕ್ಕಿಂತ ಮುಖ್ಯವಾಗಿ, ಒಳಹೊಕ್ಕ ಮೇಲೆ ಅಲ್ಲಿ ಬಡವ ಬಲ್ಲಿದರೆಂಬ ಭೇದ ಉಳಿಯುವುದಿಲ್ಲ.

ಬೆಂಗಳೂರು-ಮೈಸೂರು ರಸ್ತೆಯಲ್ಲಿ, ಬೆಂಗಳೂರಿನಿಂದ 28 ಕಿಲೋಮೀಟರು ದೂರದಲ್ಲಿ, ಬಿಡದಿಯ ಸಮೀಪವಿರುವ ವಂಡರ್‌ಲಾ ಈ ಎರಡನೆಯ ಬಗೆಯದು. ವಿ-ಗಾರ್ಡ್ ಸಂಸ್ಥೆಯನ್ನು ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಉದ್ಯಾನವನ್ನು ತೆರೆದರು. ಅದರ ಬೆನ್ನಿಗೆ 2005ರಲ್ಲಿ ಬಿಡದಿಯದು ಆರಂಭವಾಯಿತು. ಮೈಸೂರು ಭಾಗದವರಿಗೆ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಹತ್ತಿರ. ಹುಬ್ಬಳ್ಳಿ-ಹಾವೇರಿ ಕಡೆಯ ಓದುಗರು ಇಷ್ಟು ದೂರ ಬರಲೇಬೇಕೆಂದಿಲ್ಲ. ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ಮೈ ಝುಮ್ಮೆನಿಸುವ ಉರುಳುಬಂಡಿಗಳನ್ನು ನಿರೀಕ್ಷಿಸಬಾರದು. ಆದರೆ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಶಿಲ್ಪಗಳಲ್ಲಿ ಎದ್ದು ನಿಂತಿದೆ, ಖರ್ಚೂ ಬಹಳ ಕಡಿಮೆ. ಮಕ್ಕಳು ಮೂಗು ಮುರಿಯಬಹುದು. ಒಳಹೊಕ್ಕ ಮೇಲೆ ಹೊರಡುವುದಿಲ್ಲ.

ಎರಡನೆಯ ಪ್ರವಾಸಕ್ಕೆ ನಾವು ಆರಿಸಿದ್ದು ಬಿಡದಿಯನ್ನು. ಮಕ್ಕಳು ಈಗ ಹನ್ನೆರಡು: ಏಳು ಹುಡುಗರು, ಐವರು ಹುಡುಗಿಯರು. ಹಿರಿಯರಾಗಿ ನಾನೂ ನನ್ನ ಪತ್ನಿಯೂ. ಹುಡುಗಿಯರಿರುವ ಗುಂಪಿನಲ್ಲಿ ಒಬ್ಬ ಹೆಂಗಸು ಇರಲೇಬೇಕು, ಇದರಲ್ಲಿ ರಾಜಿಯಿಲ್ಲ. 2024ರ ಅಕ್ಟೋಬರಿನಲ್ಲಿಯೇ ಪಾಲಕರ ಸಭೆ ಕರೆದು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆವು. ಮನೆಗೆ ಹೊರೆಯಾಗದಂತೆ ಎಷ್ಟು ಕೊಡಬಲ್ಲಿರಿ ಎಂಬುದನ್ನು, ಹೆಸರು ಬರೆಯದೆ, ಬರೆದು ಡಬ್ಬಿಗೆ ಹಾಕಬೇಕು. ತೆರೆದಾಗ ಅತಿ ಹೆಚ್ಚಿನ ಮೊತ್ತ 4,000, ಅತಿ ಕಡಿಮೆಯದು 1,500. ತಲೆಗೆ 1,500 ಎಂದು ಅಲ್ಲಿಯೇ ನಿಶ್ಚಯಿಸಿದೆವು. ಹೆಚ್ಚು ಬರೆದವರೊಬ್ಬರು, “ಕೊರತೆ ಬಿದ್ದರೆ ನಾನು ತುಂಬುತ್ತೇನೆ” ಎಂದು ನನ್ನ ಕಿವಿಯಲ್ಲಿ ಹೇಳಿದರು. ಸದುದ್ದೇಶದ ಮಾತೇ. ಆದರೂ ಬೇಡವೆಂದೆ, ಯಾರ ಮಗನೂ ಯಾರ ಋಣದಲ್ಲಿಯೂ ಉಯ್ಯಾಲೆಯಾಡುವುದು ನನಗೆ ಬೇಕಿರಲಿಲ್ಲ. ದಿನಕ್ಕೆ 10 ರೂಪಾಯಿಯಂತೆ ನವೆಂಬರಿನಿಂದ ಮಾರ್ಚಿಯವರೆಗೆ ಉಳಿಸಿದರೆ 1,500 ಆಗುತ್ತದೆ. ಕೊರತೆಗೆ ಮಕ್ಕಳೇ ಉಪಾಯ ಹುಡುಕಿದರು. ಭಾನುವಾರಗಳಂದು ಮನೆಮನೆಗೆ ಹೋಗಿ ಹಳೆಯ ಪತ್ರಿಕೆ, ರಟ್ಟು ಸಂಗ್ರಹಿಸಿ ರದ್ದಿಗೆ ಹಾಕಿದರು. ಎರಡು ಸಾವಿರಕ್ಕೆ ತುಸು ಹೆಚ್ಚೇ ಬಂತು. ಈ ಹಣವೆಲ್ಲ ಒಂದೇ ಚೀಲಕ್ಕೆ. ಪ್ರವಾಸದ ದಿನ ಯಾರ ಜೇಬಿನಲ್ಲಿಯೂ ಬೇರೆ ಹಣ ಇರಕೂಡದೆಂಬುದು ಕರಾರು. ಲೆಕ್ಕದ ಪುಸ್ತಕವನ್ನು ಅಂದು ಬೆಂಚಿನ ಮೇಲೆ ಕುಳಿತಿದ್ದ ಹುಡುಗನ ಕೈಗೆ ಕೊಟ್ಟೆ. ಕಾರಣ ಯಾರಿಗೂ ಹೇಳಲಿಲ್ಲ. ಅವನ ಗಣಿತ ಚೆನ್ನಾಗಿತ್ತೆಂಬುದೂ ನಿಜವೇ.

ಒಟ್ಟು ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಪ್ರವೇಶ ಶುಲ್ಕದ್ದೇ. ಅದರ ಮೇಲೆ ಜಿ.ಎಸ್.ಟಿ. ಇರುವುದನ್ನು ಮರೆಯಬಾರದು. 2017ರಲ್ಲಿ ಈ ತೆರಿಗೆ ಬಂದಾಗ ಇಂತಹ ಉದ್ಯಾನಗಳಿಗೆ ಶೇಕಡ 28 ಇತ್ತು. 2018ರ ಜನವರಿಯಲ್ಲಿ 18ಕ್ಕೆ ಇಳಿಸಲಾಯಿತು. ಶುಲ್ಕ ಸಾವಿರವೆಂದು ತಿಳಿದು ಹೋದವರು ಬಾಗಿಲಲ್ಲಿ 180 ರೂಪಾಯಿಗೆ ತಡಕಾಡುವುದುಂಟು. ವಾರಾಂತ್ಯ ಹಾಗೂ ಹಬ್ಬದ ದಿನಗಳಿಗಿಂತ ವಾರದ ನಡುವಿನ ದಿನಗಳಲ್ಲಿ ಶುಲ್ಕ ಕಡಿಮೆ. ಮುಂಗಡವಾಗಿ ಕೊಂಡರೆ, ಗುಂಪಾಗಿ ಕೊಂಡರೆ, ವಿದ್ಯಾರ್ಥಿಗಳಾದರೆ ರಿಯಾಯಿತಿಗಳಿವೆ. ಆದರೆ ಒಂದು ರಿಯಾಯಿತಿಯ ಮೇಲೆ ಇನ್ನೊಂದು ಸಿಗುವುದು ವಿರಳ. ಆದ್ದರಿಂದ ಉದ್ಯಾನದ ಕಚೇರಿಗೆ ದೂರವಾಣಿ ಮಾಡಿ, ನಮ್ಮ ಗುಂಪಿಗೆ ಯಾವುದು ಹೆಚ್ಚು ಲಾಭವೆಂದು ಕೇಳಿಕೊಂಡೇ ಟಿಕೆಟ್ಟು ಕೊಳ್ಳಬೇಕು. ನಮ್ಮ ಮಕ್ಕಳು ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿದ್ದರಿಂದ 2025ರ ಏಪ್ರಿಲಿನ ಒಂದು ಬುಧವಾರವನ್ನು ಆಯ್ದೆವು. ಬೇಸಿಗೆ ರಜೆಯಲ್ಲಿ ನೂಕುನುಗ್ಗಲು ಹೆಚ್ಚು, ಕೈಲಾದರೆ ತಪ್ಪಿಸಿ ಎಂದೇ ನನ್ನ ಸಲಹೆ. ಆದರೆ ಪರೀಕ್ಷೆ ಮುಗಿಸಿದ ಮಕ್ಕಳಿಗೆ ಜುಲೈವರೆಗೆ ಕಾಯಿರಿ ಎನ್ನುವ ಧೈರ್ಯ ನನಗಿರಲಿಲ್ಲ.

ಪ್ರಯಾಣದಲ್ಲಿ ನಮಗೆ ದೊಡ್ಡ ಉಳಿತಾಯವಾದದ್ದು ಸರ್ಕಾರಿ ಬಸ್ಸಿನಿಂದ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೂ ಹೆಣ್ಣುಮಕ್ಕಳಿಗೂ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತ ಪ್ರಯಾಣವಷ್ಟೆ. ನಮ್ಮ ಹದಿನಾಲ್ಕು ಜನರಲ್ಲಿ ಆರು ಮಂದಿಗೆ ಹೀಗೆ ಟಿಕೆಟ್ಟಿನ ಹಣವೇ ಇಲ್ಲ. ಆಧಾರ್‌ನಂತಹ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಮಾತ್ರ ಕೈಯಲ್ಲಿರಬೇಕು. ಮ್ಯಾಕ್ಸಿಕ್ಯಾಬ್ ಗೊತ್ತುಮಾಡಿದ್ದರೆ ಸುಖವಿರುತ್ತಿತ್ತು, ಈ ಲಾಭವಿರುತ್ತಿರಲಿಲ್ಲ. ಒಂದು ಎಚ್ಚರಿಕೆ: ಮೆಜೆಸ್ಟಿಕ್‌ನಿಂದ ಮೈಸೂರಿಗೆ ನೇರ ಹೋಗುವ ಬಸ್ಸುಗಳು ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿದು ಬಿಡದಿಯನ್ನು ಬದಿಗಿಟ್ಟು ಸಾಗಿಬಿಡುತ್ತವೆ. ಊರೊಳಗೆ ಹೋಗುತ್ತದೆಯೇ ಎಂದು ನಿರ್ವಾಹಕರನ್ನು ಕೇಳಿಯೇ ಹತ್ತಬೇಕು. ಮೆಟ್ರೋದ ನೇರಳೆ ಮಾರ್ಗವೂ 2023ರ ಅಕ್ಟೋಬರಿನಿಂದ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೆ ಓಡುತ್ತಿದೆ, ಅಲ್ಲಿಂದ ಮುಂದೆ ಬಸ್ಸು ಹಿಡಿಯಬಹುದು.

ಹೊರಗಿನ ತಿಂಡಿ-ತೀರ್ಥ ಒಳಗೆ ಬಿಡುವುದಿಲ್ಲ. ಇದನ್ನು ಶಪಿಸುವ ಬದಲು ಹೊಟ್ಟೆಯಲ್ಲಿಯೇ ತುಂಬಿಕೊಂಡು ಹೋಗುವುದು ಜಾಣತನ. ಬಿಡದಿಯ ತಟ್ಟೆ ಇಡ್ಲಿಗಿಂತ ಒಳ್ಳೆಯ ಉಪಾಹಾರ ಆ ದಾರಿಯಲ್ಲಿ ಇನ್ನೊಂದಿಲ್ಲ: ಹತ್ತಿಯಂತಹ ಇಡ್ಲಿ, ಮೇಲೆ ಬೆಣ್ಣೆ, ಬದಿಗೆ ಚಟ್ನಿ. ಆದರೆ ಎರಡಕ್ಕೆ ನಿಲ್ಲಿಸಿರೆಂದು ಹುಡುಗರಿಗೆ ಹೇಳಬೇಕಾಯಿತು. ತುಂಬಿದ ಹೊಟ್ಟೆಯಲ್ಲಿ ತಲೆಕೆಳಗಾಗುವ ಬಂಡಿ ಹತ್ತುವುದು ತರವಲ್ಲ. ಮಧ್ಯಾಹ್ನದ ಒಂದು ಊಟಕ್ಕೆ ಮಾತ್ರ ಒಳಗೆ ಹಣ ತೆತ್ತೆವು. ಸಂಜೆಗೆಂದು ಮನೆಗಳಿಂದ ತಂದಿದ್ದ ಚಪಾತಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನಗಳನ್ನು ಬಿಡದಿಯ ಹೋಟೆಲಿನವರು ಪ್ರೀತಿಯಿಂದ ಇಟ್ಟುಕೊಂಡಿದ್ದರು.

ನೀರಾಟಕ್ಕೆ ಹತ್ತಿಬಟ್ಟೆ ಸಲ್ಲದು. ಹತ್ತಿಯ ಎಳೆಗಳು ಉದುರಿ ನೀರು ಸೋಸುವ ಯಂತ್ರಗಳಲ್ಲಿ ಕಟ್ಟಿಕೊಳ್ಳುತ್ತವೆ. ನೈಲಾನಿನ ಉಡುಪನ್ನು ಊರಿನ ಅಂಗಡಿಯಲ್ಲಿಯೇ ಕೊಂಡರೆ, ಇಲ್ಲವೆ ಅಣ್ಣ-ಅಕ್ಕಂದಿರದನ್ನು ಕೇಳಿ ಪಡೆದರೆ ಅಲ್ಲಿ ಕೊಳ್ಳುವ ಖರ್ಚು ಉಳಿಯುತ್ತದೆ. ಸಾಮಾನಿಡುವ ಲಾಕರಿಗೂ ಬಾಡಿಗೆಯುಂಟು. ಹದಿನಾಲ್ಕು ಜನಕ್ಕೆ ಮೂರು ಸಾಕಾಯಿತು.

ಇನ್ನು ಸುರಕ್ಷತೆ. ಇದು ಹೆದರಿಸುವ ಮಾತಲ್ಲ, ಆದರೆ ಹೇಳದೆ ಬಿಡುವ ಮಾತೂ ಅಲ್ಲ. 2018ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಗೋ-ಕಾರ್ಟ್ ಬಂಡಿಯ ಚಕ್ರಕ್ಕೆ ಕೂದಲು ಸಿಲುಕಿ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟದ ಯಂತ್ರ ಮುರಿದುಬಿದ್ದು ಜೀವಹಾನಿಯಾಯಿತು. ಯಂತ್ರದ ತಪಾಸಣೆ ನಮ್ಮ ಕೈಯಲ್ಲಿಲ್ಲ. ಆದರೆ ಜಡೆಯನ್ನು ಗಂಟುಹಾಕಿಸುವುದು, ದುಪಟ್ಟ ಮತ್ತು ಕೊರಳ ಸರಗಳನ್ನು ತೆಗೆಸಿಡುವುದು, ಎದೆಯ ಮೇಲಿನ ಸರಳು ಭದ್ರವಾಯಿತೇ ಎಂದು ನೋಡಿಕೊಳ್ಳಲು ಕಲಿಸುವುದು ನಮ್ಮ ಕೈಯಲ್ಲಿದೆ. ಮೂರ್ಛೆರೋಗ, ಉಬ್ಬಸ, ಹೃದಯದ ತೊಂದರೆ ಇದ್ದರೆ ಪಾಲಕರು ಮುಚ್ಚಿಡದೆ ತಿಳಿಸಬೇಕು. ನಮ್ಮ ಗುಂಪಿನ ಒಬ್ಬಳಿಗೆ ಉಬ್ಬಸವಿದ್ದುದನ್ನು ತಾಯಿ ಹೊರಡುವ ಮುನ್ನಾದಿನ ಹೇಳಿದರು. ಔಷಧದ ಪಂಪು ಇಡೀ ದಿನ ನನ್ನ ಪತ್ನಿಯ ಕೈಚೀಲದಲ್ಲಿತ್ತು, ಬೇಕಾಗಲಿಲ್ಲ. ಇಬ್ಬಿಬ್ಬರ ಜೋಡಿ ಮಾಡಿ, ಎರಡು ಗಂಟೆಗೊಮ್ಮೆ ಗೊತ್ತಾದ ಜಾಗಕ್ಕೆ ಬಂದು ಮುಖ ತೋರಿಸಬೇಕೆಂದು ವಿಧಿಸಿದ್ದೆವು. ನೀರಿನಲ್ಲಿ ಮೊಬೈಲು ಇರುವುದಿಲ್ಲವಾದ್ದರಿಂದ ಈ ಹಳೆಯ ಕ್ರಮವೇ ಗಟ್ಟಿ.

ವಿಜ್ಞಾನದ ಮೇಷ್ಟ್ರಾಗಿ ಒಂದು ಮಾತು ಸೇರಿಸದಿರಲಾರೆ. ಉರುಳುಬಂಡಿಯನ್ನು ಸರಪಳಿ ಮೊದಲ ದಿಬ್ಬಕ್ಕೆ ಎಳೆದು ಬಿಟ್ಟರೆ ಮುಂದೆ ಅದು ಓಡುವುದು ಬಹುಪಾಲು ಆ ಎತ್ತರದ ಬಲದಿಂದಲೇ. 1895ರಲ್ಲಿ ಅಮೆರಿಕದ ಕೋನಿ ಐಲ್ಯಾಂಡಿನಲ್ಲಿ ಕಟ್ಟಿದ ಬಂಡಿಯ ಸುತ್ತು ಪೂರ್ಣ ವೃತ್ತವಾಗಿತ್ತು. ಕೆಳಗಿನಿಂದ ಸುತ್ತಿಗೆ ಏರುವಾಗ ಜನರ ಕತ್ತು ಉಳುಕುತ್ತಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಬಂಡಿಗೆ ಜರ್ಮನಿಯ ಇಂಜಿನಿಯರ್ ವೆರ್ನರ್ ಷ್ಟೆಂಗೆಲ್ ಹನಿಯಾಕಾರದ ಸುತ್ತು ರೂಪಿಸಿದ ಮೇಲೆ ಆ ತೊಂದರೆ ತಗ್ಗಿತು. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಾಗ ಇದನ್ನೇ ಹೇಳಿದೆ. ತರಗತಿಯಲ್ಲಿ ಆಕಳಿಸುತ್ತಿದ್ದವರು ಅಂದು ಪ್ರಶ್ನೆ ಕೇಳಿದರು.

ಲೆಕ್ಕದ ಹುಡುಗ ಎಷ್ಟು ಸಲ ಹತ್ತಿದನೆಂದು ನಾನು ಎಣಿಸಲಿಲ್ಲ. ಕಟ್ಟಡದ ನೆತ್ತಿಯ ಮೇಲೆ ತಿರುಗುವ ದೊಡ್ಡ ತೊಟ್ಟಿಲುಚಕ್ರದಿಂದ ಕೆಳಗಿಳಿದವನು ನನ್ನೆಡೆಗೆ ಓಡಿಬಂದು, “ಸಾರ್, ಈ ಸಲ ಬ್ಯಾಗು ನೀವು ಹಿಡ್ಕೊಳ್ಳಿ” ಎಂದ. ಹಿಡಿದುಕೊಂಡೆ.

ಮೂರು ದಿನಗಳ ಬಳಿಕ ಬೆಳಿಗ್ಗೆ ಅವನು ಮನೆಗೆ ಬಂದ. ಪುಸ್ತಕದಲ್ಲಿ ಆಟೋ ಬಾಡಿಗೆಯಿಂದ ಹಿಡಿದು ಎರಡು ನಿಂಬೆಹಣ್ಣಿನವರೆಗೆ ಎಲ್ಲವೂ ದಾಖಲಾಗಿತ್ತು. ಉಳಿಕೆ 392 ರೂಪಾಯಿ, ಹದಿನಾಲ್ಕು ಪಾಲು. ನನ್ನದೂ ನನ್ನ ಪತ್ನಿಯದೂ ಎಂದು ಎರಡು ಲಕೋಟೆ ಮೇಜಿನ ಮೇಲಿಟ್ಟು, ಒಂದೊಂದರಲ್ಲಿಯೂ 28 ರೂಪಾಯಿ ಇದೆ, ಎಣಿಸಿ ಸಹಿ ಹಾಕಿ ಎಂದು ಪೆನ್ನು ಮುಂದೆ ಚಾಚಿದ.