ಹತ್ತು ಹಲ್ಲಿಗೆ ಒಂದೂವರೆ ಲಕ್ಷ: ವಿನಿಯರ್‌ಗೆ ಹೂಂ ಅನ್ನುವ ಮೊದಲು

ಹರಿಹರಪುರದ ಹತ್ತಿರದ ಹಳ್ಳಿಯ ಪರಿಚಿತರೊಬ್ಬರು ಹೋದ ತಿಂಗಳು ಫೋನ್ ಮಾಡಿದ್ದರು. ಅಡಿಕೆ ತೋಟ, ಜೊತೆಗೆ ಸ್ವಲ್ಪ ಕಾಫಿ ಇಟ್ಟುಕೊಂಡವರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮದುವೆ ನಿಶ್ಚಯವಾಗಿದೆ. "ಅವನು ಹಲ್ಲಿಗೆ ಎಂತದೋ ವಿನಿಯರ್ ಹಾಕಿಸ್ತಾನಂತೆ ಮಾರಾಯ್ರೆ. ಮೇಲಿನ ಹತ್ತು ಹಲ್ಲಿಗೆ ಒಂದೂವರೆ ಲಕ್ಷ ಹೇಳಿದಾರಂತೆ. ವಿನಿಯರ್ ಅಂದ್ರೆ ನಮ್ಮನೆ ಕಪಾಟಿನ ಪ್ಲೈವುಡ್‌ಗೆ ಅಂಟಿಸಿದ್ದು ಅಲ್ವಾ?"

ಅವರು ಹೇಳಿದ್ದು ತಪ್ಪೇನಲ್ಲ. ಪದವೂ ಅದೇ, ಕೆಲಸವೂ ಹೆಚ್ಚುಕಡಿಮೆ ಅದೇ. ಪ್ಲೈವುಡ್ ಮೇಲೆ ತೇಗದ ತೆಳ್ಳನೆ ಹಾಳೆ ಅಂಟಿಸಿ ಇಡೀ ಕಪಾಟು ತೇಗದ್ದು ಅನ್ನುವ ಹಾಗೆ ಮಾಡುತ್ತಾರಲ್ಲ, ಹಲ್ಲಿನ ಎದುರು ಮೈಗೆ ಅಂಥದ್ದೇ ಒಂದು ತೆಳು ಪದರ ಅಂಟಿಸುವುದು ಡೆಂಟಲ್ ವಿನಿಯರ್. ಪದರ ಪಿಂಗಾಣಿಯದ್ದಾಗಿರಬಹುದು ಅಥವಾ ಕಾಂಪೋಸಿಟ್ ಎನ್ನುವ ರಾಳದ್ದಾಗಿರಬಹುದು. ದಪ್ಪ ಅರ್ಧ ಮಿಲಿಮೀಟರ್‌ನ ಆಸುಪಾಸು. ಒಂದು ವ್ಯತ್ಯಾಸ ಮಾತ್ರ ಇದೆ. ಕಪಾಟಿನ ಹಾಳೆ ಕಿತ್ತರೆ ಕೆಳಗೆ ಪ್ಲೈವುಡ್ ಇದ್ದ ಹಾಗೇ ಇರುತ್ತದೆ. ಹಲ್ಲಿನ ವಿಷಯದಲ್ಲಿ ಬಹಳಷ್ಟು ಸಲ ಹಾಗಿರುವುದಿಲ್ಲ, ಯಾಕೆಂದರೆ ಅಂಟಿಸುವ ಮೊದಲು ಹಲ್ಲನ್ನು ಉಜ್ಜಿ ತೆಳು ಮಾಡಿರುತ್ತಾರೆ.

ಈ ಒಂದು ಸಂಗತಿ ಗೊತ್ತಿಲ್ಲದೆ ದರ ಕೇಳಲು ಹೋದರೆ ಪ್ರಯೋಜನವಿಲ್ಲ. ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿ ವಸ್ತು. ಆದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟಿ ಹೊರಗೆ ಬರುವಷ್ಟರಲ್ಲಿ ಇಲ್ಲವಾಗಿರುತ್ತವೆ. ಕಡಿದ ಉಗುರು ಬೆಳೆಯುತ್ತದೆ, ಮುರಿದ ಮೂಳೆ ಕೂಡುತ್ತದೆ, ಉಜ್ಜಿ ತೆಗೆದ ಎನಾಮಲ್ ಮತ್ತೆ ಬರುವುದಿಲ್ಲ. ಮುಂದಿನ ಹಲ್ಲಿನ ತುದಿಯ ಕಡೆ ಅದು ಸುಮಾರು 1 ಮಿ.ಮೀ. ದಪ್ಪ ಇರುತ್ತದೆ, ಒಸಡಿನ ಹತ್ತಿರ ಅದರ ಅರ್ಧದಷ್ಟೂ ಇರುವುದು ಕಷ್ಟ. ಪಿಂಗಾಣಿ ವಿನಿಯರ್‌ಗೆ ಸಾಮಾನ್ಯವಾಗಿ 0.3ರಿಂದ 0.7 ಮಿ.ಮೀ. ತೆಗೆಯುತ್ತಾರೆ. ಕೈ ಸ್ವಲ್ಪ ಜಾಸ್ತಿ ಹೋದರೂ ಒಳಗಿನ ಹಳದಿ ಡೆಂಟಿನ್ ತೆರೆದುಕೊಳ್ಳುತ್ತದೆ. ಆಮೇಲೆ ತಣ್ಣೀರು ಕುಡಿದರೆ ಜುಂ ಅನ್ನುತ್ತದೆ. ಅಂಟು ಎನಾಮಲ್‌ಗೆ ಹಿಡಿಯುವಷ್ಟು ಗಟ್ಟಿಯಾಗಿ ಡೆಂಟಿನ್‌ಗೆ ಹಿಡಿಯುವುದೂ ಇಲ್ಲ.

ವಿನಿಯರ್‌ನ ಹುಟ್ಟು ಸಿನಿಮಾದಲ್ಲಿ. 1928ರಲ್ಲಿ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್, ಹಾಲಿವುಡ್ ನಟರಿಗೆ ಕ್ಯಾಮೆರಾ ಮುಂದೆ ಇರುವಷ್ಟು ಹೊತ್ತು ಮಾತ್ರ ನಿಲ್ಲುವ ಪದರಗಳನ್ನು ಮಾಡಿಕೊಟ್ಟರು. ಶೂಟಿಂಗ್ ಮುಗಿದ ಮೇಲೆ ತೆಗೆದಿಡುವುದು. ಹಲ್ಲಿಗೆ ಕಾಯಂ ಕೂರಿಸುವ ಅಂಟಿನ ವಿದ್ಯೆ ಆಗ ಇರಲಿಲ್ಲ. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎನಾಮಲ್ ಮೇಲೆ ಆಮ್ಲ ಸವರಿ ಒರಟು ಮಾಡಿದರೆ ರಾಳ ಕಚ್ಚಿ ಹಿಡಿಯುತ್ತದೆ ಅಂತ ತೋರಿಸಿದರು. 1980ರ ದಶಕದ ಆರಂಭದಲ್ಲಿ ಪಿಂಗಾಣಿಯನ್ನೂ ಹಾಗೆಯೇ ಒರಟು ಮಾಡಿ ಅಂಟಿಸುವುದು ಸಾಧ್ಯವಾಯಿತು. ನಟರಿಗೆ ಅಂತ ಶುರುವಾದದ್ದು ಈಗ ಇನ್‌ಸ್ಟಾಗ್ರಾಂ ರೀಲ್ಸ್ ಮೂಲಕ ತೋಟದ ಮನೆಯ ಹುಡುಗನ ಫೋನಿಗೂ ಬಂದಿದೆ.

ನಮ್ಮ ಕಲೆ, ಅವರ ಕಲೆ

ಹುಡುಗನ ಹಲ್ಲಿಗೆ ಆಗಿದ್ದೇನು ಅಂತ ಕೇಳಿದೆ. "ಹಳದಿಯಾಗಿದೆ ಅಷ್ಟೆ, ಒಂದರ ಮೂಲೆ ಸ್ವಲ್ಪ ಮುರಿದಿದೆ. ಸಣ್ಣವನಿದ್ದಾಗ ಸೈಕಲ್ಲಿಂದ ಬಿದ್ದಿದ್ದ." ಕಾಫಿ ದಿನಕ್ಕೆ ನಾಲ್ಕೈದು ಸಲ, ಊರಿಗೆ ಬಂದಾಗ ಕವಳ.

ಹಲ್ಲಿನ ಬಣ್ಣ ಎರಡು ರೀತಿಯಲ್ಲಿ ಕೆಡುತ್ತದೆ. ಒಂದು, ಮೇಲಿಂದ ಹತ್ತಿಕೊಂಡ ಕಲೆ. ಎಲೆಅಡಿಕೆ, ಕಾಫಿ, ಟೀ, ಬೀಡಿ–ಸಿಗರೇಟು, ತಂಬಾಕು ಇವುಗಳದ್ದು. ಮಲೆನಾಡಿನ ಬಾಯಿಗಳಲ್ಲಿ ಕಾಣುವುದು ಬಹುಪಾಲು ಇದೇ. ಎರಡನೆಯದು ಹಲ್ಲು ಬೆಳೆಯುವಾಗಲೇ ಒಳಗೆ ಸೇರಿಕೊಂಡದ್ದು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಪಟ್ಟೆಗಳನ್ನು ನೋಡಿದ್ದೀರಲ್ಲ, ಅದು ಫ್ಲೋರೋಸಿಸ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನುತ್ತದೆ ಭಾರತೀಯ ಮಾನದಂಡ. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಅದು ಮೀರಿದೆ. ಮಗುವಾಗಿದ್ದಾಗ ಕುಡಿದ ನೀರಿನ ಗುರುತು ಜೀವಮಾನವಿಡೀ ಹಲ್ಲಿನ ಮೇಲೆ ಉಳಿಯುತ್ತದೆ. ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ತಿಂದವರ ಬೂದು ಹಲ್ಲು, ಪೆಟ್ಟು ಬಿದ್ದು ಒಳಗಿನ ನರ ಸತ್ತು ಕಪ್ಪಾದ ಒಂಟಿ ಹಲ್ಲು, ಇವೂ ಇದೇ ಗುಂಪಿನವು.

ಮೇಲಿನ ಕಲೆಗೆ ವಿನಿಯರ್ ಬೇಕಿಲ್ಲ. ದಂತವೈದ್ಯರು ಸ್ಕೇಲಿಂಗ್ ಮಾಡಿ ಪಾಲಿಶ್ ಮಾಡಿದರೆ ಹೋಗುತ್ತದೆ. ಸ್ಕೇಲಿಂಗ್ ಮಾಡಿದರೆ ಹಲ್ಲು ಸಡಿಲ ಆಗತ್ತೆ ಅನ್ನುವ ಮಾತು ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು. ವರ್ಷಗಟ್ಟಲೆ ಗಟ್ಟಿಯಾದ ಗಾರೆ ಒಸಡನ್ನು ತಿಂದು ಹಲ್ಲು ಆಗಲೇ ಸಡಿಲವಾಗಿರುತ್ತದೆ, ಗಾರೆ ತೆಗೆದಾಗ ಅದು ಗೊತ್ತಾಗುತ್ತದೆ ಅಷ್ಟೆ. ಶುಚಿಯಾದ ಮೇಲೂ ಹಳದಿ ಉಳಿದರೆ ಬ್ಲೀಚಿಂಗ್ ಇದೆ. ಅದರಲ್ಲಿ ಹಲ್ಲು ಉಜ್ಜುವುದಿಲ್ಲ. ಕೆಲವು ದಿನ ಜುಂ ಅನ್ನಬಹುದು, ಒಂದೆರಡು ವರ್ಷಕ್ಕೆ ಬಣ್ಣ ಸ್ವಲ್ಪ ಇಳಿಯಬಹುದು. ತೆಳು ಫ್ಲೋರೋಸಿಸ್ ಕಲೆಗೂ ಮೇಲ್ಮೈಯನ್ನು ಸೂಕ್ಷ್ಮವಾಗಿ ತಿಕ್ಕುವ ವಿಧಾನ ಇದೆ. ಇದ್ಯಾವುದಕ್ಕೂ ಬಗ್ಗದ ಒಳಗಲೆ, ಆಕಾರ ಕೆಟ್ಟ ಹಲ್ಲು, ಸವೆದು ಗಿಡ್ಡವಾದ ಹಲ್ಲು ಇದ್ದವರಿಗೆ ವಿನಿಯರ್ ನಿಜವಾದ ಚಿಕಿತ್ಸೆ. ಪಾವಗಡದ ಕಡೆಯ ಹುಡುಗಿ ಕೈ ಅಡ್ಡ ಹಿಡಿಯದೆ ನಗುವುದಕ್ಕೆ ಅದು ದಾರಿ ಮಾಡಿಕೊಟ್ಟರೆ ಅದನ್ನು ಶೋಕಿ ಅನ್ನಲು ನನಗೆ ಮನಸ್ಸಿಲ್ಲ.

ಬಗೆ ಮತ್ತು ಬೆಲೆ

ಅಗ್ಗದ್ದು ಕಾಂಪೋಸಿಟ್. ಹಲ್ಲಿನ ಹುಳುಕು ತುಂಬುವ ಬಿಳಿ ರಾಳವನ್ನೇ ಪದರ ಪದರವಾಗಿ ಹಚ್ಚಿ, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಿ, ತೀಡಿ ಆಕಾರ ಕೊಡುತ್ತಾರೆ. ಒಂದೇ ದಿನದ ಕೆಲಸ. ಎಷ್ಟೋ ಸಲ ಹಲ್ಲು ಉಜ್ಜುವುದೇ ಬೇಡ. ಚಕ್ಕೆ ಎದ್ದರೆ ಕೊಪ್ಪದಲ್ಲೋ ಶೃಂಗೇರಿಯಲ್ಲೋ ರಿಪೇರಿ ಮಾಡಿಸಬಹುದು. ರಾಜ್ಯದ ಖಾಸಗಿ ಕ್ಲಿನಿಕ್‌ಗಳಲ್ಲಿ ಹಲ್ಲಿಗೆ ಅಂದಾಜು 3ರಿಂದ 8 ಸಾವಿರ ರೂಪಾಯಿ. ಆದರೆ ಕಾಫಿ, ಕವಳ, ಅರಿಶಿನ ಎಲ್ಲದರ ಬಣ್ಣವನ್ನೂ ಇದು ಕುಡಿಯುತ್ತದೆ. ಐದಾರು ವರ್ಷ ಚೆನ್ನಾಗಿ ನಿಂತರೆ ನಿಂತಂತೆ.

ಪಿಂಗಾಣಿಯದ್ದು ಲ್ಯಾಬ್‌ನಲ್ಲಿ ತಯಾರಾಗುತ್ತದೆ. ಹಲ್ಲು ಉಜ್ಜಿ, ಅಚ್ಚು ತೆಗೆದು ಅಥವಾ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಬರುವವರೆಗೆ ತಾತ್ಕಾಲಿಕ ಪದರ ಹಾಕಿಕೊಂಡಿರಬೇಕು. ಹಳೆಯ ಫೆಲ್ಡ್‌ಸ್ಪಾರ್ ಪಿಂಗಾಣಿ ನೋಡಲು ಬಹಳ ಚೆಂದ, ಆದರೆ ನಾಜೂಕು. ಈಗ ಹೆಚ್ಚು ಚಲಾವಣೆಯಲ್ಲಿರುವುದು ಲಿಥಿಯಂ ಡೈಸಿಲಿಕೇಟ್, ಕ್ಲಿನಿಕ್‌ಗಳಲ್ಲಿ 'ಇ-ಮ್ಯಾಕ್ಸ್' ಅನ್ನುವ ಬ್ರ್ಯಾಂಡ್ ಹೆಸರಿನಿಂದಲೇ ಕರೆಯುತ್ತಾರೆ. ಇದು ಹಳೆಯದಕ್ಕಿಂತ ಹಲವು ಪಟ್ಟು ಗಟ್ಟಿ. ಪಿಂಗಾಣಿಗೆ ಹಲ್ಲಿಗೆ 10ರಿಂದ 20 ಸಾವಿರ, ಬೆಂಗಳೂರಿನ ದೊಡ್ಡ ಹೆಸರಿನ ಕಡೆ ಇನ್ನೂ ಮೇಲೆ. ಕಲೆ ಹಿಡಿಯುವುದಿಲ್ಲ. ಚೆನ್ನಾಗಿ ಮಾಡಿದ್ದರೆ 10–15 ವರ್ಷ ಬರುತ್ತದೆ, ಅದಕ್ಕಿಂತ ಹೆಚ್ಚೂ ಬಂದಿದ್ದಿದೆ. ಜಿರ್ಕೋನಿಯಾ ಇನ್ನೂ ಗಟ್ಟಿ, ಆದರೆ ಆಮ್ಲಕ್ಕೆ ಒರಟಾಗದ ಕಾರಣ ಅಂಟಿಸುವ ವಿಧಾನವೇ ಬೇರೆ. 'ಉಜ್ಜುವುದೇ ಇಲ್ಲ' ಅನ್ನುವ ತೆಳು ವಿನಿಯರ್‌ಗಳೂ ಇವೆ. ಅವು ಎಲ್ಲರಿಗೂ ಹೊಂದುವುದಿಲ್ಲ. ಮೊದಲೇ ಮುಂದೆ ಬಂದಿರುವ ಹಲ್ಲಿಗೆ ಹಾಕಿದರೆ ಇನ್ನೂ ಉಬ್ಬಿದಂತೆ ಕಾಣುತ್ತದೆ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಸಿಕ್ಕಿಸಿಕೊಳ್ಳುವ ಹಲ್ಲುಪಟ್ಟಿಗೆ ವಿನಿಯರ್ ಅಂತ ಹೆಸರಿದೆ. ಅದು ಮುಖವಾಡ, ಬಿಡಿ.

ಕೇಳಲೇಬೇಕಾದ ಒಂದು ಪ್ರಶ್ನೆ: ನೀವು ಹಾಕುವುದು ವಿನಿಯರೋ, ಕ್ರೌನೋ? ಕ್ರೌನ್ ಅಂದರೆ ಹಲ್ಲನ್ನು ಸುತ್ತಲೂ ಕೊರೆದು ಮೇಲೆ ಹಾಕುವ ಟೋಪಿ. 2002ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಳತೆಯ ಪ್ರಕಾರ ವಿನಿಯರ್‌ಗೆ ಹಲ್ಲಿನ ಹೊರಭಾಗದ ಶೇ 3ರಿಂದ 30ರಷ್ಟು ಹೋದರೆ ಕ್ರೌನ್‌ಗೆ ಶೇ 63ರಿಂದ 72ರಷ್ಟು ಹೋಗುತ್ತದೆ. ಅಗ್ಗಕ್ಕೆ ಸಿಗುತ್ತದೆ ಅಂತ ಟರ್ಕಿಗೆ ಹೋಗಿ ವಿನಿಯರ್ ಅಂದುಕೊಂಡು ಕ್ರೌನ್ ಹಾಕಿಸಿಕೊಂಡು ಬಂದ ಬ್ರಿಟಿಷ್ ಹುಡುಗ–ಹುಡುಗಿಯರ ಕತೆ ಅಲ್ಲಿನ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಗಟ್ಟಿ ಹಲ್ಲುಗಳು ಮೊಳೆಯ ಹಾಗೆ ಚೂಪಾಗಿರುವ ಫೋಟೋಗಳವು.

ಈಗ ಒಂದೂವರೆ ಲಕ್ಷದ ಲೆಕ್ಕಕ್ಕೆ ಬರೋಣ. ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ಅಂತ ಹಿಡಿದರೆ ಮೂರು ಕ್ವಿಂಟಲ್. ಹಳದಿ ಎಲೆ ರೋಗ, ಎಲೆಚುಕ್ಕಿ ಬಂದು ತೋಟಗಳೇ ಸೊರಗಿರುವ ಕೊಪ್ಪ–ಶೃಂಗೇರಿ ಕಡೆ ಇದು ಸಣ್ಣ ಮೊತ್ತವಲ್ಲ. ಆದರೂ ಮದುವೆ ಖರ್ಚಿನಲ್ಲಿ ಒಂದು ಅಂತ ಒಪ್ಪಿಕೊಳ್ಳಬಹುದಿತ್ತು, ಅದು ಒಂದೇ ಸಲದ ಖರ್ಚಾಗಿದ್ದರೆ. ಹುಡುಗನಿಗೆ ಈಗ 26. ವಿನಿಯರ್ 14 ವರ್ಷ ಬಂತು ಅನ್ನಿ. 40ಕ್ಕೆ ಎರಡನೇ ಸಲ, 54ಕ್ಕೆ ಮೂರನೇ ಸಲ, 68ಕ್ಕೆ ನಾಲ್ಕನೇ ಸಲ. ಇವತ್ತಿನ ದರದಲ್ಲೇ 6 ಲಕ್ಷ. ಪ್ರತಿ ಸಲ ಹಳೆಯದನ್ನು ಕೊರೆದು ತೆಗೆಯುವಾಗ ಹಲ್ಲು ಇನ್ನಷ್ಟು ತೆಳುವಾಗುವ ಸಾಧ್ಯತೆ ಬೇರೆ. ಬೇಡ ಅಂತ ನಡುವೆ ನಿಲ್ಲಿಸುವ ಹಾಗಿಲ್ಲ, ಎನಾಮಲ್ ಇಲ್ಲದ ಹಲ್ಲನ್ನು ಬರಿದೇ ಬಿಡಲಾಗುವುದಿಲ್ಲ. 'ನೋ ಕಾಸ್ಟ್ ಇಎಂಐ' ಅಂತ ಬೋರ್ಡ್ ಹಾಕುವವರು ಮೊದಲ ಕಂತುಗಳ ಬಗ್ಗೆ ಮಾತ್ರ ಹೇಳುತ್ತಾರೆ.

ವಿಮೆ ಇದಕ್ಕೆ ಬರುವುದಿಲ್ಲ, ಸೌಂದರ್ಯದ ಚಿಕಿತ್ಸೆ ಆರೋಗ್ಯ ಪಾಲಿಸಿಗಳಿಂದ ಹೊರಗೆ. ಸರ್ಕಾರದ 'ದಂತಭಾಗ್ಯ' ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲುಸೆಟ್ ಕೊಡುವ ಯೋಜನೆ, ವಿನಿಯರ್‌ಗೆ ಅದರಲ್ಲಿ ಜಾಗವಿಲ್ಲ. ಹೇಳಿದ ದರದಲ್ಲಿ ಜಿಎಸ್‌ಟಿ, ಲ್ಯಾಬ್ ಖರ್ಚು, ತಾತ್ಕಾಲಿಕ ಪದರ ಎಲ್ಲ ಸೇರಿದೆಯೇ ಅಂತ ಬರೆಸಿಕೊಳ್ಳಿ.

ದರ ಕಡಿಮೆ ಬೇಕೆಂದರೆ ಡೆಂಟಲ್ ಕಾಲೇಜುಗಳಿವೆ: ಶಿವಮೊಗ್ಗದಲ್ಲಿ ಶರಾವತಿ, ಘಟ್ಟದ ಕೆಳಗೆ ಮಣಿಪಾಲ. ಬೆಂಗಳೂರಲ್ಲಾದರೆ ಸರ್ಕಾರಿ ದಂತ ವೈದ್ಯಕೀಯ ಕಾಲೇಜು. ಅಲ್ಲಿ ಸಮಯ ಹಿಡಿಯುತ್ತದೆ. ಹರಿಹರಪುರದವರಿಗೆ ಇನ್ನೊಂದು ಲೆಕ್ಕವೂ ಇದೆ. ಪಿಂಗಾಣಿ ವಿನಿಯರ್ ಅಂದರೆ ಮೂರ್ನಾಲ್ಕು ಭೇಟಿ. ಮಳೆಗಾಲದಲ್ಲಿ ತಾತ್ಕಾಲಿಕ ಪದರ ಬಿದ್ದುಹೋದರೆ ಆಗುಂಬೆ ಘಾಟಿ ಇಳಿದು ಹೋಗಿಬರಲು ಒಂದು ದಿನ ಪೂರ್ತಿ ಬೇಕು. ಮನೆಯಿಂದ ಸುಲಭವಾಗಿ ಹೋಗಿಬರಬಹುದಾದ ಕಡೆ ಮಾಡಿಸುವುದು ಬೆಂಗಳೂರಿನ ಫಳಫಳ ಕ್ಲಿನಿಕ್‌ಗಿಂತ ಎಷ್ಟೋ ಸಲ ಜಾಣತನ. ಮಾಡುವವರು ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರೇ ಅಂತ ನೋಡಿ. ಹಲ್ಲು ಮುಟ್ಟುವ ಮೊದಲು ಮೇಣದಲ್ಲೋ ರಾಳದಲ್ಲೋ ಮಾದರಿ ಮಾಡಿ ಬಾಯಲ್ಲಿ ತೋರಿಸಿ ಅಂತ ಕೇಳಿ. ಇಷ್ಟವಾಗದಿದ್ದರೆ ಅಲ್ಲಿಗೇ ಎದ್ದು ಬರಬಹುದು.

ಕವಳದ ಬಾಯಿ

ಅಡಿಕೆ ಅಗಿಯುವವರ ಬಾಯಿಗೆ ವಿನಿಯರ್ ಹೊಂದುವುದು ಕಷ್ಟ. ಗಟ್ಟಿ ಅಡಿಕೆ ಕಡಿದರೆ ಪಿಂಗಾಣಿಯ ಅಂಚು ಎದ್ದು ಬರುತ್ತದೆ, ಸುಣ್ಣ–ಕಾಚಿನ ಕಲೆ ವಿನಿಯರ್ ಮತ್ತು ಹಲ್ಲು ಸೇರುವ ಗೆರೆಯಲ್ಲಿ ಕೂರುತ್ತದೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದವರಿಗೂ ಇದೇ ಮಾತು. ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಅಡಿಕೆ ಬೆಳೆಯುವ ಊರಿನಲ್ಲಿ ಹೇಳಲು ಕಷ್ಟವಾದ ಇನ್ನೊಂದು ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು, ತಂಬಾಕಿಲ್ಲದ ಎಲೆಅಡಿಕೆಯನ್ನೂ ಸೇರಿಸಿ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಬೆಳೆಗಾರರ ಸಂಘಟನೆಗಳಿಗೆ ಇದರ ಬಗ್ಗೆ ತಕರಾರಿದೆ. ಆ ಜಗಳ ಅದರ ಪಾಡಿಗೆ ಇರಲಿ, ದಂತವೈದ್ಯರ ಕುರ್ಚಿಯಲ್ಲಿ ಕಾಣುವುದು ಬೇರೆ: ವರ್ಷಗಟ್ಟಲೆ ಅಗಿದವರಲ್ಲಿ ಕೆಲವರ ಕೆನ್ನೆಯ ಒಳಪದರ ಬಿಳಿಚಿ, ಬಿಗಿದು, ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಖಾರ ತಿಂದರೆ ಉರಿ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುವ ಈ ಸ್ಥಿತಿ ಕೆಲವರಲ್ಲಿ ಮುಂದೆ ಕ್ಯಾನ್ಸರ್‌ಗೆ ತಿರುಗುತ್ತದೆ. ಮನೆಯಲ್ಲೇ ನೋಡಿಕೊಳ್ಳುವ ಸರಳ ದಾರಿ ಇದೆ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ–ಕೆಳಗಿನ ಹಲ್ಲುಗಳ ನಡುವೆ ತೂರಿಸಿ. ಸಾಮಾನ್ಯವಾಗಿ ಮೂರೂ ಹೋಗಬೇಕು.

ಹುಡುಗ ಕೊನೆಗೆ ಕೊಪ್ಪದಲ್ಲಿ ಸ್ಕೇಲಿಂಗ್ ಮಾಡಿಸಿಕೊಂಡ, ಬೆಂಗಳೂರಲ್ಲಿ ಬ್ಲೀಚಿಂಗ್. ಮುರಿದ ಮೂಲೆಗೆ ಕಾಂಪೋಸಿಟ್ ತುಂಬಿಸಿದ. ಎಲ್ಲ ಸೇರಿ 17 ಸಾವಿರ ಆಯಿತಂತೆ. ಹತ್ತು ಹಲ್ಲೂ ಅವನವೇ ಉಳಿದಿವೆ. ಇದನ್ನು ಹೇಳಲು ಫೋನ್ ಮಾಡಿದ ಅಪ್ಪ, ಇಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಮೂರು ಬೆರಳು ಅಂದ್ರಲ್ಲ, ನಂಗೆ ಎರಡೇ ಹೋಗ್ತದೆ. ಅದಕ್ಕೆ ಯಾರಿಗೆ ತೋರಿಸ್ಬೇಕು?"

ಮುಂದಿನ ವಾರ ಮಣಿಪಾಲಕ್ಕೆ ಹೋಗುತ್ತಿದ್ದಾರೆ.