ಶೇಗಡಿಯ ಕೆಂಡ: ಬಳಕೆ, ನಿರ್ವಹಣೆ, ಜೋಪಾನ

ಶೇಗಡಿ ಎಂದರೆ ಬೇಕಾದಲ್ಲಿಗೆ ಎತ್ತಿ ಒಯ್ಯಬಹುದಾದ ಇದ್ದಿಲ ಒಲೆ. ಕಬ್ಬಿಣದ ಬಕೆಟ್ಟಿನಂಥ ಮೈ, ಒಳಗೆ ಮಣ್ಣಿನ ಮೆತ್ತಿಗೆ, ನಡುವೆ ಕೆಂಡ ನಿಲ್ಲಿಸುವ ಜಾಲರಿ, ಕೆಳಗೆ ಗಾಳಿ ಬರಲು ಮತ್ತು ಬೂದಿ ತೆಗೆಯಲು ಒಂದು ಬಾಯಿ, ಇಷ್ಟೇ ಅದರ ರಚನೆ. ದಕ್ಷಿಣದ ಜಿಲ್ಲೆಗಳಲ್ಲಿ ಇದೇ ಅಗ್ಗಿಷ್ಟಿಕೆ. ಸುರಪುರ, ಶಹಾಪುರ, ಯಾದಗಿರಿ ಸೀಮೆ ಬಿಸಿಲಿಗೆ ಹೆಸರಾಗಿದ್ದರೂ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಆಗ ಶೇಗಡಿ ಮನೆಯೊಳಗೆ ಬರುತ್ತದೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು ಮೈ ಕಾಸುವ ರೂಢಿಗಂತೂ ಚಳಿಗಾಲವೇ ಬೇಕಿಲ್ಲ. ಹೊಗೆ ನಿಂತರೆ ಅಪಾಯ ಕಳೆಯಿತು, ಕೆಂಪು ಮಾಸಿದರೆ ಬೆಂಕಿ ಆರಿತು ಎಂಬ ಎರಡು ನಂಬಿಕೆಗಳಿಂದಲೇ ಶೇಗಡಿಯ ಹೆಚ್ಚಿನ ಅನಾಹುತಗಳು ಹುಟ್ಟುತ್ತವೆ.

ಇದ್ದಿಲು ಬಹುಪಾಲು ಇಂಗಾಲ. ಕೆಳಗಿನ ಬಾಯಿಯಿಂದ ಬಂದ ಗಾಳಿಯ ಆಮ್ಲಜನಕ ಜಾಲರಿಯ ಬಳಿಯ ಕೆಂಡದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಅನಿಲ ಮೇಲಿನ ಕೆಂಡಗಳ ನಡುವೆ ಹಾಯುವಾಗ ಕಾದ ಇಂಗಾಲ ಅದರ ಆಮ್ಲಜನಕದಲ್ಲಿ ಪಾಲು ಪಡೆಯುತ್ತದೆ. ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ನಿಗಿನಿಗಿ ಕೆಂಡದ ಮೇಲೆ ಕುಣಿಯುವ ತೆಳು ನೀಲಿ ಜ್ವಾಲೆ ಈ ಅನಿಲವೇ ಉರಿಯುತ್ತಿರುವ ಗುರುತು. ನೀಲಿ ಜ್ವಾಲೆ ಅಡಗಿದ ಮೇಲೂ ಮಾನಾಕ್ಸೈಡ್ ಹುಟ್ಟುವುದು ನಿಲ್ಲುವುದಿಲ್ಲ. ಉರಿಯದೆ ನೇರವಾಗಿ ಕೋಣೆಗೆ ಸೇರುತ್ತದೆ. ಬೆಳಗಿನವರೆಗೆ ಕೆಂಡ ಉಳಿಯಲೆಂದು ಶೇಗಡಿಯ ಬಾಯಿ ಮುಚ್ಚಿದರೆ ಆಮ್ಲಜನಕ ಕಡಿಮೆಯಾಗಿ ವಿಷಾನಿಲದ ಪಾಲು ಇನ್ನಷ್ಟು ಏರುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ತೂಕದಲ್ಲಿ ಹೆಚ್ಚುಕಡಿಮೆ ಗಾಳಿಗೆ ಸಮ. ಹಾಗಾಗಿ ನೆಲದಲ್ಲಿ ಮಲಗಿದವರನ್ನೂ ಮಂಚದ ಮೇಲಿದ್ದವರನ್ನೂ ಒಂದೇ ರೀತಿ ತಲುಪುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ತಲೆಸುತ್ತು. ಆಮೇಲೆ ಕೈಕಾಲಿನ ಬಲ ಉಡುಗಿ ಎದ್ದು ಬಾಗಿಲು ತೆರೆಯುವ ಶಕ್ತಿಯೂ ಇರುವುದಿಲ್ಲ. ನಿದ್ದೆಯಲ್ಲಿರುವವರಿಗೆ ಈ ಸೂಚನೆಗಳು ತಿಳಿಯುವುದೇ ಇಲ್ಲ.

ಒಂದು ಸರಳ ಲೆಕ್ಕ ಇದರ ತೀವ್ರತೆಯನ್ನು ತೋರಿಸುತ್ತದೆ. ಅರ್ಧ ಕಿಲೋ ಇದ್ದಿಲಿನಲ್ಲಿ ಸುಮಾರು 400 ಗ್ರಾಂ ಇಂಗಾಲವಿದೆ ಎನ್ನೋಣ. ಅದರಲ್ಲಿ ಹತ್ತನೇ ಒಂದು ಪಾಲು ಮಾತ್ರ ಮಾನಾಕ್ಸೈಡ್ ಆದರೂ 90 ಗ್ರಾಂಗಿಂತ ಹೆಚ್ಚು ಅನಿಲ ಹೊರಬರುತ್ತದೆ. ಉದ್ದ, ಅಗಲ, ಎತ್ತರ ಹತ್ತತ್ತು ಅಡಿ ಇರುವ ಕೋಣೆಯಲ್ಲಿ ಹಿಡಿಯುವ ಗಾಳಿ 28 ಘನ ಮೀಟರ್. ಕೋಣೆ ಪೂರ್ತಿ ಮುಚ್ಚಿದ್ದರೆ ಒಂದು ಘನ ಮೀಟರಿಗೆ 3 ಗ್ರಾಂ ಮೀರುತ್ತದೆ. ಒಂದು ಗಂಟೆಯ ಅವಧಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 35 ಮಿಲಿಗ್ರಾಂ. ಇದು ಅದರ 90 ಪಟ್ಟು. ಸಂದುಗೊಂದುಗಳಿಂದ ಒಂದಿಷ್ಟು ಗಾಳಿ ಆಡಿದರೂ ಈ ಅಂತರ ತುಂಬುವುದಿಲ್ಲ. ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಾದರೂ ಇರುತ್ತಿತ್ತು. ಸ್ಲ್ಯಾಬ್ ಹಾಕಿ, ಕಿಟಕಿಗೆ ಗಾಜು ಕೂರಿಸಿದ ಇಂದಿನ ಖೋಲಿಯಲ್ಲಿ ಅದೂ ಇಲ್ಲ.

ಆದ್ದರಿಂದ ಶೇಗಡಿಯನ್ನು ಹೊತ್ತಿಸುವುದು ಅಂಗಳದಲ್ಲೇ ಆಗಬೇಕು. ಮೈ ಕಾಸುವುದೂ ಪಡಸಾಲೆಯಲ್ಲೋ ಕಟ್ಟೆಯ ಮೇಲೋ ಆದರೆ ಒಳ್ಳೆಯದು. ಒಳಗೆ ತರಲೇಬೇಕಾದರೆ ಎದುರುಬದುರಿನ ಬಾಗಿಲು, ಕಿಟಕಿ ತೆರೆದಿರಬೇಕು. ಒಬ್ಬರು ಎಚ್ಚರವಾಗಿದ್ದು, ಸ್ವಲ್ಪ ಹೊತ್ತಿನಲ್ಲೇ ಹೊರಗೆ ಒಯ್ಯಬೇಕು. ಮಲಗುವ ಕೋಣೆಯಲ್ಲಿ ಕೆಂಡ ಉಳಿಯಲೇಬಾರದು. ಬಾಣಂತಿಯ ಖೋಲಿಯಲ್ಲಿ ಈ ನಿಯಮ ಇನ್ನೂ ಬಿಗಿಯಾಗಬೇಕು, ಏಕೆಂದರೆ ಅಲ್ಲಿ ಗಾಳಿ ತಾಗಬಾರದೆಂದು ಎಲ್ಲ ಕಡೆ ಮುಚ್ಚಿರುತ್ತಾರೆ. ಹಸುಗೂಸು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುವುದರಿಂದ ವಿಷವೂ ಬೇಗ ಏರುತ್ತದೆ. ತಾಯಿ ಮಗುವಿಗೆ ಬೆಚ್ಚನೆಯ ಬಟ್ಟೆ, ಟೋಪಿ, ಕೌದಿ ಮತ್ತು ಮಗುವನ್ನು ತಾಯಿಯ ಮೈಗೆ ಒತ್ತಿ ಹಿಡಿಯುವುದು, ಇವು ಕೆಂಡಕ್ಕಿಂತ ಸುರಕ್ಷಿತ.

ಕೆಂಡವಿರುವ ಕೋಣೆಯಲ್ಲಿ ಯಾರಿಗಾದರೂ ತಲೆಸುತ್ತು ಬಂದರೆ ಮೊದಲು ಅವರನ್ನು ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬುವಂತಿಲ್ಲ. ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕವಿದ್ದಂತೆಯೇ ಓದುತ್ತದೆ.

ಎರಡನೆಯ ಅಪಾಯ ಕಿಡಿಯದು. ಈ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲವೂ ಚಳಿಯ ಕಾಲವೂ ಒಂದೇ. ಮಾರಾಟಕ್ಕೆ ಮುಂಚೆ ಹತ್ತಿ ಮನೆಯೊಳಗೇ ರಾಶಿ ಬಿದ್ದಿರುತ್ತದೆ. ಹತ್ತಿಗೆ ಬಿದ್ದ ಕಿಡಿ ಜ್ವಾಲೆ ಕಾಣಿಸದೆ ಒಳಗೊಳಗೇ ಗಂಟೆಗಟ್ಟಲೆ ಹೊಗೆಯಾಡಿ, ಗಾಳಿ ಸಿಕ್ಕೊಡನೆ ಭಗ್ಗನೆ ಹೊತ್ತಬಲ್ಲದು. ಆದ್ದರಿಂದ ಹತ್ತಿಯಿರುವ ಖೋಲಿಗೆ ಶೇಗಡಿ ಒಯ್ಯಲೇಬಾರದು. ಕೌದಿ, ಸೀರೆಯ ಸೆರಗು, ತೊಗರಿ ಕಟ್ಟಿಗೆಯ ಹೊರೆ ಕನಿಷ್ಠ ಮೂರು ಅಡಿ ದೂರದಲ್ಲಿರಬೇಕು. ಬಿಸಿ ಶೇಗಡಿಯನ್ನು ನೇರವಾಗಿ ಶಹಾಬಾದಿ ಫರಸಿಯ ಮೇಲಿಟ್ಟರೆ ಕಲ್ಲು ಒಮ್ಮೆಲೇ ಕಾದು ಬಿರುಕು ಬಿಡಬಹುದು, ಚೂರು ಸಿಡಿಯಬಹುದು. ಕೆಳಗೆ ಇಟ್ಟಿಗೆಯನ್ನೋ ಉಸುಕಿನ ಹಾಸನ್ನೋ ಕೊಡಬೇಕು. ಕೆಂಡದ ಮೇಲೆ ಸೀಮೆಎಣ್ಣೆ ಸುರಿಯುವುದಂತೂ ಕೂಡದು. ಎಣ್ಣೆ ಕ್ಷಣದಲ್ಲಿ ಆವಿಯಾಗಿ ಬೆಂಕಿ ಕೈಗೇ ಬರುತ್ತದೆ.

ಆರಿಸುವ ಕೆಲಸವೂ ಬಯಲಲ್ಲೇ ಆಗಬೇಕು. ಕಾದ ಶೇಗಡಿಗೆ ನೀರು ಸುರಿದರೆ ಉಗಿ ಮುಖಕ್ಕೆ ರಾಚುತ್ತದೆ, ಮೆತ್ತಿಗೆಯೂ ಸೀಳುತ್ತದೆ. ಕೆಳಗಿನ ಬಾಯಿ ಮುಚ್ಚಿ, ಮೇಲೆ ತಗಡಿನ ಮುಚ್ಚಳ ಹಾಕಿ ಗಾಳಿ ತಪ್ಪಿಸುವುದೇ ಸರಿಯಾದ ದಾರಿ. ಹೀಗೆ ಆರಿದಂತೆ ಕಂಡದ್ದು ಆರಿರಬೇಕೆಂದೇನಿಲ್ಲ. ರಾತ್ರಿ ಕೆಂಡವನ್ನು ಬೂದಿಯಲ್ಲಿ ಹುದುಗಿಸಿ, ಬೆಳಿಗ್ಗೆ ಕೆದಕಿ ಊದಿ ಒಲೆ ಹೊತ್ತಿಸುತ್ತಿದ್ದ ಹಳೆಯ ಪದ್ಧತಿಯೇ ಇದಕ್ಕೆ ಸಾಕ್ಷಿ. ಬೂದಿ ಶಾಖವನ್ನು ಹೊರಬಿಡುವುದಿಲ್ಲ, ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಒಳಬಿಡುತ್ತದೆ. ಕೆಂಡ ನಿಧಾನವಾಗಿ ಬದುಕಿರುತ್ತದೆ. ತಿಪ್ಪೆಗೆ ಎಸೆದ ಬೂದಿಯಿಂದ ಬಣವೆಗೆ ಬೆಂಕಿ ಹತ್ತುವುದು ಹೀಗೆಯೇ. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಎರಡು ದಿನ ಹೊರಗಿಟ್ಟು, ತಣ್ಣಗಾದ ಮೇಲೆ ನೀರು ಚಿಮುಕಿಸಿ ಚೆಲ್ಲಬೇಕು.

ನಿರ್ವಹಣೆ ಕಷ್ಟದ್ದಲ್ಲ. ಜಾಲರಿಯ ಕಂಡಿಗಳು ಬೂದಿಯಿಂದ ಕಟ್ಟಿಕೊಂಡರೆ ಗಾಳಿ ಸಾಲದೆ ಮಾನಾಕ್ಸೈಡ್ ಹೆಚ್ಚುತ್ತದೆ. ಪ್ರತಿ ಸಲ ಹೊತ್ತಿಸುವ ಮುಂಚೆ ಜಾಲರಿ ಕೊಡವಬೇಕು. ಮೆತ್ತಿಗೆ ಬಿರುಕು ಬಿಟ್ಟಲ್ಲಿ ಹೊರಗಿನ ತಗಡು ಕೆಂಪಗೆ ಕಾಯುತ್ತದೆ. ಜಿಗುಟು ಮಣ್ಣಿಗೆ ಸಣ್ಣ ಹೊಟ್ಟು ಕಲಸಿ ಬಿರುಕು ತುಂಬಿ, ನೆರಳಲ್ಲಿ ಒಣಗಿಸಿ, ಮೊದಲು ಸಣ್ಣ ಬೆಂಕಿಯಲ್ಲಿ ಕಾಸಬೇಕು. ಹಿಡಿಕೆಯ ಕೀಲು, ಕಾಲುಗಳ ಬೆಸುಗೆ ಗಟ್ಟಿಯಾಗಿವೆಯೇ ನೋಡಬೇಕು. ಸತು ಲೇಪಿಸಿದ ನೀರಿನ ಬಕೆಟ್ಟನ್ನು ಶೇಗಡಿ ಮಾಡಿಕೊಳ್ಳಬಾರದು. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ. ಗಾಳಿ ಬೀಸಿದ ಕೆಂಡದ ಶಾಖ ಅದಕ್ಕಿಂತ ಬಹಳ ಹೆಚ್ಚು. ಆ ಶಾಖಕ್ಕೆ ಏಳುವ ಸತುವಿನ ಹೊಗೆ ಚಳಿಜ್ವರ ತರುತ್ತದೆ.

ಚಳಿ ಕಳೆದ ಮೇಲೆ ಶೇಗಡಿಯನ್ನು ಬೂದಿ ಸಮೇತ ಮೂಲೆಗೆ ಸೇರಿಸಿದರೆ ಮುಂದಿನ ವರ್ಷಕ್ಕೆ ತಳ ತೂತಾಗಿರುತ್ತದೆ. ಕಟ್ಟಿಗೆ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಮುಂತಾದ ಲವಣಗಳು ಮಳೆಗಾಲದ ತೇವ ಹೀರಿ ಕಬ್ಬಿಣವನ್ನು ಸದಾ ಒದ್ದೆಯಾಗಿಡುತ್ತವೆ. ಬೂದಿ ಪೂರ್ತಿ ತೆಗೆದು, ಒಣಬಟ್ಟೆಯಿಂದ ಒರೆಸಿ, ಲೋಹದ ಭಾಗಕ್ಕೆ ತೆಳುವಾಗಿ ಎಣ್ಣೆ ಸವರಿ, ನೆಲಕ್ಕೆ ತಾಗದಂತೆ ಎತ್ತರದಲ್ಲಿ ಬೋರಲು ಇಡಬೇಕು. ಆರಿಸಿ ಉಳಿಸಿಕೊಂಡ ಇದ್ದಿಲು ಗಾಳಿಯ ಆಮ್ಲಜನಕ ಹೀರಿ ತಾನೇ ಬಿಸಿಯಾಗಬಲ್ಲದು. ಒಂದು ದಿನ ಬಯಲಲ್ಲಿ ಹರಡಿ, ಪೂರ್ತಿ ತಣ್ಣಗಾದ ಮೇಲಷ್ಟೇ ಮುಚ್ಚಳದ ಡಬ್ಬಿಗೆ ತುಂಬಬೇಕು.

ಹೊತ್ತಿಸಲು ಸೀಮೆಎಣ್ಣೆ ಇಟ್ಟುಕೊಂಡಿದ್ದರೆ ಬೇಸಿಗೆಯಲ್ಲಿ ವಿಶೇಷ ಎಚ್ಚರ ಬೇಕು. ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಬಿಡುವ ಉಷ್ಣಾಂಶ ಸೀಮೆಎಣ್ಣೆಗೆ ಕನಿಷ್ಠ 35 ಡಿಗ್ರಿ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಸುರಪುರದ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಅಂದರೆ ಚಳಿಗಾಲದಲ್ಲಿ ಅಷ್ಟಾಗಿ ಅಪಾಯ ಮಾಡದ ಅದೇ ಡಬ್ಬಿ ಬಿಸಿಲಿನಲ್ಲಿ ಬೆಂಕಿಗೆ ತಯಾರಾಗಿ ಕುಳಿತಿರುತ್ತದೆ. ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ನೆರಳಲ್ಲಿ, ಒಲೆಯಿಂದ ದೂರ ಇಡಬೇಕು. ನೀರಿನ ಬಾಟಲಿಗೆ ತುಂಬಿಡಬಾರದು. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ವಾಂತಿಯಲ್ಲಿ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು.